ಹೈಸ್ಕೂಲ್ ಮಕ್ಕಳಿಗೆ ಹಳೆಯ ಟ್ರಾಂಬೋನ್ ಕೊಳ್ಳುವಾಗ ಏನೇನು ನೋಡಬೇಕು?

ಅಮೆರಿಕದ ಶಾಲೆಗಳಲ್ಲಿ ಓದುವ ಮಗು ಬ್ಯಾಂಡ್ ಸೇರಿತು ಅಂದುಕೊಳ್ಳಿ. ಟ್ರಾಂಬೋನ್ ಅಂದರೆ ಹಿತ್ತಾಳೆಯ ಊದುವ ವಾದ್ಯ. ಮಿಡಲ್ ಸ್ಕೂಲ್ ಮುಗಿಯುವ ತನಕ ಬಾಡಿಗೆಯದು ಸಾಕಾಗುತ್ತದೆ. ಒಂಬತ್ತನೇ ಗ್ರೇಡಿಗೆ ಬಂದಾಗ ಸ್ವಂತದ್ದು ಬೇಕು ಅನ್ನುತ್ತದೆ. ವೀಣೆಯೋ ಮೃದಂಗವೋ ಆಗಿದ್ದರೆ ನಮಗೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ. ಟ್ರಾಂಬೋನ್ ವಿಷಯದಲ್ಲಿ ಹಾಗಲ್ಲ. ನಮ್ಮಲ್ಲಿ ಎಷ್ಟೋ ಜನ ಅದನ್ನು ಹತ್ತಿರದಿಂದ ನೋಡಿದ್ದು ಪೊಲೀಸ್ ಬ್ಯಾಂಡಿನಲ್ಲಿ ಅಥವಾ ಮದುವೆ ಬ್ಯಾಂಡಿನಲ್ಲಿ, ಅಷ್ಟೇ. ಅದಕ್ಕೇ ಈ ಬರಹ.

ಹೊಸ, ಒಳ್ಳೆಯ ಟ್ರಾಂಬೋನ್ ದುಬಾರಿ. ಹೊಸದು ಮತ್ತು ತೀರಾ ಅಗ್ಗದ್ದು ಹೆಚ್ಚಾಗಿ ಒಳ್ಳೆಯದಿರುವುದಿಲ್ಲ. ನಡುವೆ ಇರುವ ದಾರಿ ಅಂದರೆ 1950ರಿಂದ 1970ರ ದಶಕದ ತನಕ ಅಮೆರಿಕದಲ್ಲೇ ತಯಾರಾದ ಹಳೆಯ ವಾದ್ಯಗಳು. ಶಾಲಾ ಬ್ಯಾಂಡ್‌ಗಳಿಗೆ ಬೇಡಿಕೆ ಜೋರಾಗಿದ್ದ ಕಾಲ ಅದು. ಗಟ್ಟಿಯಾಗಿ ಮಾಡಿದರು, ಬೇಕಾದಷ್ಟು ಮಾಡಿದರು. ಟ್ರಾಂಬೋನ್‌ನಲ್ಲಿ ಓಡಾಡುವ ಭಾಗಗಳೂ ಕಡಿಮೆ: ಹಿಂದೆ ಮುಂದೆ ಜಾರುವ ಉದ್ದ ಕೊಳವೆ, ಅಂದರೆ ಸ್ಲೈಡ್, ಮತ್ತು ಕೆಲವದರಲ್ಲಿ ಗಾಳಿಯ ದಾರಿ ಬದಲಿಸುವ ಒಂದು ವಾಲ್ವ್. ಹಾಗಾಗಿ ಅರವತ್ತು ವರ್ಷದ ವಾದ್ಯವೂ ಇವತ್ತು ಚೆನ್ನಾಗಿ ನುಡಿಯಬಲ್ಲದು.

ಆದರೆ ಒಂದು ಮಾತು. ಸ್ಲೈಡ್ ನೋಡಿ ಕೊಳ್ಳಿ, ಹೊಳಪು ನೋಡಿ ಅಲ್ಲ. ಟ್ರಾಂಬೋನ್‌ನಲ್ಲಿ ಸ್ವರ ಹುಡುಕುವುದು, ಬದಲಿಸುವುದು, ಜೋಡಿಸುವುದು ಬಹುಪಾಲು ಸ್ಲೈಡಿನ ಕೆಲಸ. ಅದು ತಡವರಿಸಿದರೆ ಮಗುವಿನ ಬಲಗೈ ಪ್ರತಿ ಸ್ವರಕ್ಕೂ ಒದ್ದಾಡುತ್ತದೆ. ತಪ್ಪು ವಾದ್ಯದ್ದು, ಮಗು ಮಾತ್ರ ‘ನನಗೆ ಇದು ಬರಲ್ಲ’ ಅಂದುಕೊಳ್ಳುತ್ತದೆ. ಇದು ಆಗಬಾರದು.

ಮೊದಲು ಬ್ಯಾಂಡ್ ಟೀಚರ್ ಹತ್ತಿರ ಮಾತಾಡಿ

ಜಾಹೀರಾತು ಹುಡುಕುವ ಮುಂಚೆ ಶಾಲೆಯ ಬ್ಯಾಂಡ್ ಡೈರೆಕ್ಟರಿಗೆ ಒಂದು ಇಮೇಲ್ ಬರೆಯಿರಿ. ಮಗು ಮುಂದಿನ ವರ್ಷ ಯಾವ ಬ್ಯಾಂಡಿನಲ್ಲಿ ಇರುತ್ತದೆ? ಕನ್ಸರ್ಟ್ ಬ್ಯಾಂಡಾ, ಜಾಝ್ ಬ್ಯಾಂಡಾ, ಮಾರ್ಚಿಂಗ್ ಬ್ಯಾಂಡಾ? ಉತ್ತರದ ಮೇಲೆ ವಾದ್ಯದ ಬೋರ್ ನಿಂತಿದೆ. ಬೋರ್ ಅಂದರೆ ಸ್ಲೈಡಿನ ಒಳ ಕೊಳವೆಯ ಒಳ ಅಳತೆ.

0.500 ಇಂಚು ಆಸುಪಾಸಿನದು ಸಣ್ಣ ಬೋರ್. ಕಡಿಮೆ ಉಸಿರಿಗೆ ಬೇಗ ನುಡಿಯುತ್ತದೆ, ದನಿ ಚುರುಕು. ಕಲಿಯುವವರಿಗೂ ಜಾಝ್‌ಗೂ ಇದೇ ಸರಿ. 0.547 ಇಂಚಿನದು ದೊಡ್ಡ ಬೋರ್. ದನಿ ಅಗಲ, ಗಂಭೀರ. ಆರ್ಕೆಸ್ಟ್ರಾ, ದೊಡ್ಡ ಕನ್ಸರ್ಟ್ ಬ್ಯಾಂಡ್‌ಗಳಲ್ಲಿ ಇದೇ ಜಾಸ್ತಿ. ಆದರೆ ಉಸಿರು ಬಹಳ ಕೇಳುತ್ತದೆ. ಇವೆರಡರ ನಡುವೆ 0.525 ಇದೆ. ಹದಿನಾಲ್ಕು ವರ್ಷದ, ಸ್ವಲ್ಪ ಸಣ್ಣ ಮೈಕಟ್ಟಿನ ಮಗು ಸಂಗೀತವನ್ನು ಮನಸ್ಸಿಟ್ಟು ಕಲಿಯುತ್ತಿದ್ದರೆ ನಾನು ಮೊದಲು ಹುಡುಕುವುದು ಈ ನಡುವಿನ ಅಳತೆಯನ್ನೇ. ‘ದೊಡ್ಡದು ತಗೊಂಡುಬಿಡಿ, ಮಗು ಬೆಳೆಯುತ್ತೆ’ ಅನ್ನುವ ಸಲಹೆ ಬಟ್ಟೆಗೆ ಸರಿ. ಇಲ್ಲಿ ಅದು ಎರಡು ವರ್ಷದ ಏದುಸಿರಾಗಬಹುದು.

ಇನ್ನೊಂದು ಪ್ರಶ್ನೆ ಟ್ರಿಗರ್. ಕೆಲವು ಟ್ರಾಂಬೋನ್‌ಗಳಲ್ಲಿ ಎಡ ಹೆಬ್ಬೆರಳಿಗೆ ಒಂದು ಒತ್ತುಗುಂಡಿ ಇರುತ್ತದೆ. ಅದನ್ನು ಒತ್ತಿದರೆ ವಾಲ್ವ್ ತಿರುಗಿ, ಬೆಲ್ (ದನಿ ಹೊರಬರುವ ಅಗಲ ಬಾಯಿ) ಭಾಗದಲ್ಲಿರುವ ಹೆಚ್ಚುವರಿ ಸುರುಳಿ ತೆರೆದುಕೊಂಡು ವಾದ್ಯದ ಮೂಲ ಸ್ವರ ಬಿ-ಫ್ಲ್ಯಾಟ್‌ನಿಂದ ಎಫ್‌ಗೆ ಇಳಿಯುತ್ತದೆ. ಇದನ್ನೇ ಎಫ್ ಅಟ್ಯಾಚ್‌ಮೆಂಟ್ ಅನ್ನುತ್ತಾರೆ. ಸ್ಲೈಡ್ ನಿಲ್ಲಿಸುವ ಏಳು ಜಾಗಗಳಿಗೆ ಪೊಸಿಷನ್ ಅನ್ನುತ್ತಾರೆ, ಮೊದಲನೆಯದು ಹತ್ತಿರ, ಏಳನೆಯದು ದೂರ. ಆರನೇ ಪೊಸಿಷನ್‌ಗೆ ಕೈ ಚಾಚಿ ಹಿಡಿಯಬೇಕಿದ್ದ ಸಿ ಮತ್ತು ಕೆಳಗಿನ ಎಫ್ ಮೊದಲನೇ ಪೊಸಿಷನ್‌ನಲ್ಲೇ ಸಿಗುತ್ತವೆ. ಏಳನೆಯದಕ್ಕೆ ಕೈ ಎಟುಕದ ಮಕ್ಕಳಿಗೆ ಇದು ದೊಡ್ಡ ಉಪಕಾರ. ಹೈಸ್ಕೂಲಿನಲ್ಲಿ ಆಡಿಷನ್‌ಗೆ ಹೋಗುವ ಮಕ್ಕಳಿಗೆ ಟ್ರಿಗರ್ ಇರುವುದು ಒಳ್ಳೆಯದು. ಬರೀ ಜಾಝ್ ಅಥವಾ ಮಾರ್ಚಿಂಗ್ ಆದರೆ ಅದು ಸುಮ್ನೆ ಭಾರ.

ಮಾರ್ಚಿಂಗ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಫುಟ್‌ಬಾಲ್ ಮೈದಾನ, ಮಳೆ, ಬಸ್ಸು, ತಳ್ಳಾಟ. ಒಳ್ಳೆಯ ಹಳೆಯ ವಾದ್ಯವನ್ನು ಅಲ್ಲಿಗೆ ಕಳಿಸಬೇಡಿ. ಶಾಲೆಯದೇ ಇದ್ದರೆ ಅದನ್ನು ಬಳಸಲಿ. ಇಲ್ಲದಿದ್ದರೆ ಅಗ್ಗದ ಎರಡನೇ ವಾದ್ಯ ನೋಡಿ.

ಯಾವ ಹೆಸರುಗಳನ್ನು ಹುಡುಕಬೇಕು

ಕಿಂಗ್: ಓಹಾಯೋದ ಕ್ಲೀವ್‌ಲ್ಯಾಂಡಿನ ಎಚ್.ಎನ್. ವೈಟ್ ಕಂಪನಿಯ ವಾದ್ಯಗಳು. ಕಂಪನಿ ಶುರುವಾದದ್ದು 1893ರಲ್ಲಿ. 1960ರ ದಶಕದ ಮಧ್ಯದಲ್ಲಿ ಮಾಲೀಕತ್ವ ಬದಲಾಗಿ ಕಾರ್ಖಾನೆ ಪಕ್ಕದ ಈಸ್ಟ್‌ಲೇಕಿಗೆ ಹೋಯಿತು. ಇವರ 3ಬಿ ಮಾಡೆಲ್ 0.508 ಬೋರಿನದು. ಜಾಝ್ ಟ್ರಾಂಬೋನಿನ ದೊಡ್ಡ ಹೆಸರು ಜೆ.ಜೆ. ಜಾನ್ಸನ್ ನುಡಿಸಿದ್ದು ಇದನ್ನೇ. ಜಾಝ್ ಬ್ಯಾಂಡಿನ ಮಗುವಿಗೆ ಸ್ಲೈಡ್ ಚೆನ್ನಾಗಿರುವ 3ಬಿ ಸಿಕ್ಕಿತು ಅಂದರೆ ಹೈಸ್ಕೂಲ್ ದಾಟಿ ಕಾಲೇಜಿಗೂ ನಡೆಯುತ್ತದೆ. ಇಷ್ಟು ಬೇಡ ಅಂದರೆ ಕಿಂಗ್ 606, 0.500 ಬೋರಿನ ಗಟ್ಟಿ ಸ್ಟೂಡೆಂಟ್ ಮಾಡೆಲ್. ಕಿಂಗ್ ಬೆಲ್ ಕಪ್ಪಾಗಿದ್ದು ‘ಸ್ಟರ್ಲಿಂಗ್ ಸಿಲ್ವರ್’ ಅಂತ ಕೆತ್ತಿದ್ದರೆ ಗಾಬರಿ ಬೇಡ. ಅದು ಸಿಲ್ವರ್ ಸಾನಿಕ್, ಬೆಲ್ ನಿಜವಾದ ಬೆಳ್ಳಿಯದು. ಬೆಳ್ಳಿ ಕಪ್ಪಾಗುವುದು ಸಹಜ ತಾನೇ.

ಕಾನ್: ಇಂಡಿಯಾನಾದ ಎಲ್ಕ್‌ಹಾರ್ಟ್ ಊರಿನದು. ಇವರ 88ಎಚ್, 0.547 ಬೋರು, ಟ್ರಿಗರ್ ಇರುವ ವಾದ್ಯ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ 1922ರಿಂದ ಟ್ರಾಂಬೋನ್ ಕಲಿಸಿದ ಎಮರಿ ರೆಮಿಂಗ್ಟನ್ ಅವರ ಹೆಸರು ಇದರ ಜೊತೆ ಸೇರಿಕೊಂಡಿದೆ. 1970ರ ದಶಕದ ಆರಂಭದಲ್ಲಿ ತಯಾರಿಕೆ ಟೆಕ್ಸಾಸಿನ ಅಬಿಲೀನಿಗೆ ಹೋಯಿತು. ಅದಕ್ಕೆ ಮುಂಚಿನವನ್ನು ‘ಎಲ್ಕ್‌ಹಾರ್ಟ್ ಕಾನ್’ ಅಂತ ಜನ ಹುಡುಕಿಕೊಂಡು ಕೊಳ್ಳುತ್ತಾರೆ, ಬೆಲೆಯೂ ಹಾಗೇ ಇರುತ್ತದೆ. ಅಬಿಲೀನ್ ಕಾಲದವು ಒಂದೊಂದು ಒಂದೊಂದು ಥರ ಅನ್ನುವ ಮಾತಿದೆ. ನನ್ನ ಅಭಿಪ್ರಾಯ ಇಷ್ಟು: ಸ್ಲೈಡ್ ಕೆಟ್ಟ ಎಲ್ಕ್‌ಹಾರ್ಟ್‌ಗಿಂತ ಸ್ಲೈಡ್ ಚೆನ್ನಾಗಿರುವ ಅಬಿಲೀನ್ ಮೇಲು. ಸಣ್ಣ ಬೋರಿನಲ್ಲಿ ಕಾನ್ 6ಎಚ್ ಒಳ್ಳೆಯದು. ನಡುವಿನ ಅಳತೆಗೆ 78ಎಚ್, ಅದಕ್ಕೇ ಟ್ರಿಗರ್ ಸೇರಿದರೆ 79ಎಚ್. ಇವೆರಡರ ಹೆಸರು ಜಾಸ್ತಿ ಕೇಳಿಬರುವುದಿಲ್ಲ, ಹಾಗಾಗಿ ಕೆಲವೊಮ್ಮೆ ಕೈಗೆಟುಕುವ ಬೆಲೆಗೆ ಸಿಗುತ್ತವೆ.

ಓಲ್ಡ್ಸ್: ಕ್ಯಾಲಿಫೋರ್ನಿಯಾದ್ದು. ಮೊದಲು ಲಾಸ್ ಏಂಜಲಿಸ್, ಆಮೇಲೆ ಫುಲ್ಲರ್ಟನ್. ಇವರ ಅಂಬಾಸಿಡರ್ ಸ್ಟೂಡೆಂಟ್ ಮಾಡೆಲ್ ಆದರೂ ಕೆಲಸ ಅಚ್ಚುಕಟ್ಟು. ಕಡಿಮೆ ದುಡ್ಡಿನಲ್ಲಿ ಹಳೆಯ ವಾದ್ಯ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ತೊಂದರೆ ಒಂದೇ. ಕಂಪನಿ 1979ರಲ್ಲಿ ಮುಚ್ಚಿತು. ಬಿಡಿಭಾಗ ಬೇಕಾದರೆ ಇನ್ನೊಂದು ಹಳೆಯ ಓಲ್ಡ್ಸ್ ಬಿಚ್ಚಬೇಕು. ಸ್ಲೈಡ್ ಹಾಳಾಗಿರುವ ಓಲ್ಡ್ಸ್ ಮುಟ್ಟದಿರುವುದೇ ವಾಸಿ.

ಬಾಕ್ ಅನ್ನುವ ಕಂಪನಿಯ ವಾದ್ಯಗಳಲ್ಲಿ ನಡುವಿನ ಬೋರಿಗೆ 36ಬಿ, ದೊಡ್ಡದಕ್ಕೆ 42ಬಿ. ಬಿಡಿಭಾಗದ ಚಿಂತೆ ಕಡಿಮೆ, ಮಾರುವಾಗಲೂ ಬೆಲೆ ನಿಲ್ಲುತ್ತದೆ. ವಿಸ್ಕಾನ್ಸಿನ್‌ನ ಎಲ್ಕ್‌ಹಾರ್ನ್ ಊರಿನ ಹೋಲ್ಟನ್ ಕೂಡ ನೋಡಬಹುದು. ಎಲ್ಕ್‌ಹಾರ್ಟ್, ಎಲ್ಕ್‌ಹಾರ್ನ್ ಬೇರೆ ಬೇರೆ ಊರು, ಜಾಹೀರಾತಿನಲ್ಲಿ ಎಷ್ಟೋ ಸಲ ಅದಲು ಬದಲಾಗುತ್ತದೆ. ಇವು ಯಾವುವೂ ಕೈಗೆ ಸಿಗಲಿಲ್ಲ ಅಂದರೆ ಹಳೆಯ ಯಮಹಾ ವೈಎಸ್‌ಎಲ್-354 ಹುಡುಕಿ. ಅದಕ್ಕೆ ಹಳೇ ಕಾಲದ ಮೆರುಗಿಲ್ಲ, ಆದರೆ ಸ್ಲೈಡ್ ನಂಬಬಹುದು.

1920ಕ್ಕಿಂತ ಹಿಂದಿನವನ್ನು ಮಗುವಿಗೆ ಕೊಡಿಸಬೇಡಿ. ಆ ಕಾಲದ ಕೆಲವು ವಾದ್ಯಗಳು ಈಗಿನ ಶ್ರುತಿಯವಲ್ಲ. ಈಗಿನ ಎ ಸ್ವರ 440 ಹರ್ಟ್ಸ್, ಆಗಿನ ‘ಹೈ ಪಿಚ್’ ವಾದ್ಯಗಳದ್ದು 450ರ ಮೇಲೆ. ಅಂಥವುಗಳ ಮೇಲೆ ಕೆಲವೊಮ್ಮೆ ಎಚ್‌ಪಿ ಅನ್ನುವ ಅಕ್ಷರಗಳ ಮುದ್ರೆ ಇರುತ್ತದೆ. ಬ್ಯಾಂಡಿನ ಜೊತೆ ಅದು ಕೂಡುವುದೇ ಇಲ್ಲ.

ಜಾಹೀರಾತು ನೋಡಿ ಫೋಟೋ ಕೇಳುವುದು

ಮಾರುವವರು ಹೆಚ್ಚಾಗಿ ನುಡಿಸುವವರಲ್ಲ. ತಾತನದ್ದು, ಅಟ್ಟದ ಮೇಲಿತ್ತು, ‘ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ’ ಅನ್ನುತ್ತಾರೆ. ಅವರ ಮಾತಿಗಿಂತ ಫೋಟೋ ಮುಖ್ಯ. ಬೆಲ್‌ನ ಕೆತ್ತನೆಯ ಚೆಂದದ ಫೋಟೋ ಎಲ್ಲರೂ ಹಾಕುತ್ತಾರೆ. ನೀವು ಕೇಳಬೇಕಾದ್ದು ಬೇರೆ. ಸ್ಲೈಡ್ ಬಿಚ್ಚಿ, ಒಳ ಕೊಳವೆಗಳ ಕೆಳ ತುದಿಯ ಹತ್ತಿರದ ಫೋಟೋ. ಹೊರ ಸ್ಲೈಡಿನ ಕೆಳಗಿನ ಬಾಗು. ಬೆಲ್‌ನ ಅಂಚು, ಎದುರಿನಿಂದ. ಸೀರಿಯಲ್ ನಂಬರ್, ಸ್ಲೈಡ್ ಮತ್ತು ಬೆಲ್ ಎರಡರ ಮೇಲೂ ಇದ್ದರೆ ಎರಡೂ. ನಂಬರ್ ಬೇರೆ ಬೇರೆ ಆಗಿದ್ದರೆ ಸ್ಲೈಡ್ ಇನ್ನೊಂದು ವಾದ್ಯದ್ದು ಅಂತ. ನುಡಿಸಲು ಅದು ತೊಂದರೆ ಆಗದೆಯೂ ಇರಬಹುದು, ಬೆಲೆ ಮಾತ್ರ ಇಳಿಯಬೇಕು.

ಸ್ಲೈಡ್ ಬಿಚ್ಚಿದ ಫೋಟೋ ಕೊಡಲು ಮಾರುವವರು ಒಪ್ಪದಿದ್ದರೆ ಅಥವಾ ‘ಬಿಚ್ಚಲು ಬರುತ್ತಿಲ್ಲ’ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಕೊಳ್ಳಲು ನನಗೆ ಹೆಚ್ಚು ನಂಬಿಕೆ ಇರುವ ಜಾಗ ಊರಿನ ಬ್ಯಾಂಡ್ ವಾದ್ಯ ರಿಪೇರಿ ಅಂಗಡಿ. ಅವರು ಸರಿಮಾಡಿ ಮಾರುವ ಹಳೆಯ ವಾದ್ಯಕ್ಕೆ ಆನ್‌ಲೈನ್‌ಗಿಂತ ಸ್ವಲ್ಪ ಜಾಸ್ತಿ ಕೊಡಬೇಕಾದೀತು, ಆದರೆ ಸ್ಲೈಡ್ ಅವರೇ ನೋಡಿರುತ್ತಾರೆ.

ಸ್ಲೈಡ್ ಪರೀಕ್ಷೆ

ಇದಕ್ಕೆ ಅರ್ಧ ಗಂಟೆ ಕೊಡಿ. ಜೊತೆಗೆ ಒಂದು ಮೆತ್ತಗಿನ ಬಟ್ಟೆ, ಸ್ಲೈಡ್ ಕ್ರೀಮ್, ನೀರಿನ ಸ್ಪ್ರೇ ಬಾಟಲಿ, ಒಂದು ಸ್ಕೇಲ್ ಒಯ್ಯಿರಿ.

ಸ್ಲೈಡನ್ನು ಬೆಲ್‌ನಿಂದ ಬೇರೆ ಮಾಡಿ, ಲಾಕ್ ತೆಗೆದು ಹೊರ ಸ್ಲೈಡನ್ನು ನಿಧಾನಕ್ಕೆ ಹೊರಗೆಳೆಯಿರಿ. ಒಳ ಕೊಳವೆಗಳನ್ನು ಒರೆಸಿ. ಅವುಗಳ ಕೆಳ ತುದಿಯ ಕೆಲವು ಇಂಚು ಸ್ವಲ್ಪ ದಪ್ಪ ಇರುತ್ತದೆ. ಅದಕ್ಕೆ ಸ್ಟಾಕಿಂಗ್ ಅನ್ನುತ್ತಾರೆ. ಹೊರ ಕೊಳವೆಗೆ ತಾಗಿ ಓಡಾಡುವ ಜಾಗ ಅದು. ಮೇಲೆ ಕ್ರೋಮ್ ಲೇಪ ಇರಬೇಕು, ಬಿಳಿಯಾಗಿ ನುಣ್ಣಗೆ. ಬೆರಳ ತುದಿಯಿಂದ ಸವರಿ. ಮಾಸಲು ಹಳದಿ ಬಣ್ಣದ ತೇಪೆ ಕಂಡರೆ ಲೇಪ ಸವೆದಿದೆ. ಗುಳಿ ಗುಳಿಯಾಗಿದ್ದರೆ ಅಥವಾ ಲೇಪ ಹಕ್ಕಳೆಯಾಗಿ ಎದ್ದಿದ್ದರೆ ಆ ವಾದ್ಯ ಬೇಡ. ಲೇಪ ಮತ್ತೆ ಹಾಕಿಸುವುದಾಗಲಿ ಕೊಳವೆ ಬದಲಿಸುವುದಾಗಲಿ ಸ್ಟೂಡೆಂಟ್ ವಾದ್ಯದ ಬೆಲೆಯನ್ನೇ ಮೀರಬಹುದು.

ಈಗ ಉದ್ದನೆಯ ಟ್ಯೂಬ್‌ಲೈಟ್ ಅಥವಾ ಕಿಟಕಿಯ ಅಂಚಿನ ಕೆಳಗೆ ನಿಲ್ಲಿ. ಒಂದು ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಬೆಳಕಿನ ಗೆರೆ ಕೊಳವೆಯ ಮೇಲೆ ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಬೇಕು. ಕೊಳವೆಯನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. ಎಲ್ಲಾದರೂ ಗೆರೆ ಚಿಟಿಕೆಯಷ್ಟು ನಡುಗಿದರೆ ಅಲ್ಲಿ ತಗ್ಗಿದೆ. ಉದ್ದಕ್ಕೂ ಬಿಲ್ಲಿನಂತೆ ಬಾಗಿದರೆ ಕೊಳವೆಯೇ ಬಾಗಿದೆ. ಬೆರಳಿಗೆ ಸಿಗದ ತಗ್ಗೂ ಹೀಗೆ ಕಣ್ಣಿಗೆ ಸಿಗುತ್ತದೆ. ಹೊರ ಕೊಳವೆಗೂ ಇದನ್ನೇ ಮಾಡಿ. ಆಮೇಲೆ ಎರಡು ಕೊಳವೆಗಳ ನಡುವಿನ ಅಂತರವನ್ನು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಸ್ಕೇಲಿನಲ್ಲಿ ಅಳೆಯಿರಿ. ಎರಡೂ ಒಂದೇ ಇರಬೇಕು.

ಮುಂದಿನದು ಓಡಾಟ. ಕ್ರೀಮ್ ಹಚ್ಚಿ, ನೀರು ಚಿಮುಕಿಸಿ, ಜೋಡಿಸಿ. ಒಳ ಸ್ಲೈಡಿನ ಅಡ್ಡಪಟ್ಟಿ ಹಿಡಿದು ನೆಟ್ಟಗೆ ನಿಲ್ಲಿಸಿ, ಇನ್ನೊಂದು ಕೈ ಕೆಳಗಿಟ್ಟುಕೊಂಡು ಹೊರ ಸ್ಲೈಡನ್ನು ಬಿಡಿ. ತನ್ನ ಭಾರಕ್ಕೆ ತಾನೇ ಸರಾಗವಾಗಿ ಇಳಿಯಬೇಕು. ಎಲ್ಲೂ ನಿಲ್ಲಬಾರದು, ಕರಕರ ಅನ್ನಬಾರದು. ಕೆಳಗಿನ ಕೈ ತೆಗೆಯಬೇಡಿ. ಸ್ಲೈಡ್ ನೆಲಕ್ಕೆ ಬಿದ್ದರೆ ಕೆಳಗಿನ ಬಾಗು ನಜ್ಜಾಗುತ್ತದೆ.

ತಡೆದರೆ ಕಾರಣ ಹುಡುಕಬಹುದು. ಸ್ಲೈಡ್ ಮತ್ತೆ ಬಿಚ್ಚಿ. ಈ ಸಲ ಒಂದು ಒಳ ಕೊಳವೆಯನ್ನು ಮಾತ್ರ ಅದರದೇ ಹೊರ ಕೊಳವೆಗೆ ಹಾಕಿ ಆಡಿಸಿ, ಇನ್ನೊಂದು ಹೊರಗಿರಲಿ. ಆಮೇಲೆ ಇನ್ನೊಂದನ್ನು. ಒಂಟಿಯಾಗಿ ಎರಡೂ ಸರಾಗ, ಜೊತೆಯಾದಾಗ ಮಾತ್ರ ಬಿಗಿ ಅಂದರೆ ಕೊಳವೆ ಚೆನ್ನಾಗಿವೆ, ಜೋಡಣೆ ವಾರೆಯಾಗಿದೆ. ಇದನ್ನು ಒಳ್ಳೆಯ ಟೆಕ್ನಿಷಿಯನ್ ಸರಿಮಾಡುತ್ತಾರೆ, ಬೆಲೆ ಇಳಿಸಿ ಕೇಳಲು ನಿಮಗೂ ಒಂದು ಕಾರಣ. ಒಂಟಿಯಾಗಿಯೇ ಬಿಗಿ ಅಂದರೆ ತಗ್ಗು, ಬಾಗು ಅಥವಾ ಒಳಗೆ ಕಟ್ಟಿದ ಕೊಳೆ. ಕೊಳೆಯಾದರೆ ತೊಳೆದರೆ ಹೋಗುತ್ತದೆ.

ಕೊನೆಗೆ ಗಾಳಿ. ಹೊರ ಸ್ಲೈಡನ್ನು ಪೂರ್ತಿ ಮೇಲಕ್ಕೆ ತಳ್ಳಿ, ಸ್ಲೈಡಿನ ಮೇಲಿನ ಎರಡೂ ಬಾಯಿಗಳನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಇನ್ನೊಬ್ಬರು ಹೊರ ಸ್ಲೈಡನ್ನು ಸ್ವಲ್ಪ ಕೆಳಗೆಳೆಯಲಿ. ಒಳಗೆ ಹಿಡಿದೆಳೆದ ಹಾಗೆ ತಡೆ ಸಿಗಬೇಕು. ಏನೂ ತಡೆ ಇಲ್ಲದೆ ಇಳಿದರೆ ಗಾಳಿ ಸೋರುತ್ತಿದೆ. ಮೊದಲು ವಾಟರ್ ಕೀಯ (ಒಳಗೆ ಸೇರಿದ ನೀರು ಹೊರಬಿಡುವ ಸಣ್ಣ ಮುಚ್ಚಳ) ಕಾರ್ಕ್ ನೋಡಿ. ಅದು ಒಣಗಿ ಪುಡಿಯಾಗಿರುವುದು ಮಾಮೂಲು, ಬದಲಿಸಲು ಖರ್ಚೂ ಇಲ್ಲ. ಕಾರ್ಕ್ ಸರಿಯಿದ್ದೂ ಸೋರಿದರೆ ಕೊಳವೆಗಳೇ ಸವೆದಿರಬಹುದು.

ಮಿಕ್ಕ ಮೈ

ಹಿತ್ತಾಳೆಯಲ್ಲಿ ತಾಮ್ರ, ಸತು ಎರಡೂ ಇರುತ್ತವೆ. ವರ್ಷಗಟ್ಟಲೆ ಒಳಗೆ ತೇವ ನಿಂತರೆ ಸತು ಕರಗಿ ಹೋಗಿ ತಾಮ್ರ ಉಳಿಯುತ್ತದೆ. ಹೊರಗೆ ಅದು ಗುಲಾಬಿ ಬಣ್ಣದ ಚುಕ್ಕೆಯಾಗಿ, ನಡುವೆ ಸೂಜಿಮೊನೆಯಷ್ಟು ಕಪ್ಪಾಗಿ ಕಾಣುತ್ತದೆ. ಇದೇ ರೆಡ್ ರಾಟ್, ಒಳಗಿನಿಂದ ಹೊರಗೆ ತಿನ್ನುತ್ತಾ ಬರುತ್ತದೆ. ಮೌತ್‌ಪೀಸ್ (ತುಟಿಗಿಟ್ಟು ಊದುವ ಭಾಗ) ಕೂರುವ ಕೊಳವೆ, ಟ್ಯೂನಿಂಗ್ ಸ್ಲೈಡಿನ (ಶ್ರುತಿ ಕೂಡಿಸಲು ಬೆಲ್ ಭಾಗದಲ್ಲಿರುವ ಸಣ್ಣ ಸ್ಲೈಡ್) ಬಾಗು, ಸ್ಲೈಡಿನ ಕೆಳಬಾಗು, ಈ ಮೂರು ಕಡೆ ನೋಡಿ. ಒಂದೆರಡು ಚುಕ್ಕೆ ಇದ್ದರೆ ವಾದ್ಯ ಇನ್ನೂ ವರ್ಷಗಟ್ಟಲೆ ಬಾಳುತ್ತದೆ. ಹೊರ ಸ್ಲೈಡಿನ ತುಂಬ ಇದ್ದರೆ ಬೇಡ. 88ಎಚ್‌ನ ಬೆಲ್ ಇಡೀ ಕೆಂಪಾಗಿದ್ದರೆ ಅದು ರೋಗವಲ್ಲ. ಅದನ್ನು ಮಾಡಿದ್ದೇ ತಾಮ್ರ ಜಾಸ್ತಿ ಇರುವ ಹಿತ್ತಾಳೆಯಲ್ಲಿ.

ಬೆಲ್‌ನಲ್ಲಿ ಸಣ್ಣ ತಗ್ಗು, ಲ್ಯಾಕರ್ (ಮೇಲಿನ ಮೆರುಗಿನ ಲೇಪ) ಕಿತ್ತು ಹೋಗಿರುವುದು, ಗೀರು, ಇವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದನಿಗೆ ಏನೂ ಆಗುವುದಿಲ್ಲ, ಬೆಲೆ ಇಳಿಯುತ್ತದೆ. ಮಡಚಿ ನೇರ ಮಾಡಿದ ಗೆರೆ, ಅಂಚಿನ ಸೀಳು, ಬೆಸುಗೆ ತೇಪೆ ಇದ್ದರೆ ಮಾತ್ರ ಯೋಚಿಸಿ. ಅರವತ್ತು ವರ್ಷದ ವಾದ್ಯ ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದರೆ ಕೆತ್ತನೆಯನ್ನು ಗಮನಿಸಿ. ಅಕ್ಷರದ ಅಂಚು ಮೊಂಡಾಗಿದ್ದರೆ ಯಂತ್ರದಲ್ಲಿ ಉಜ್ಜಿ ಮತ್ತೆ ಲ್ಯಾಕರ್ ಹೊಡೆದಿದ್ದಾರೆ. ಉಜ್ಜಿದಷ್ಟೂ ಲೋಹ ತೆಳುವಾಗಿರುತ್ತದೆ.

ಟ್ಯೂನಿಂಗ್ ಸ್ಲೈಡ್ ಕೈಯಲ್ಲಿ ಎಳೆದರೆ ಬರಬೇಕು. ಹಿಡಿದುಕೊಂಡಿದ್ದರೆ ಮನೆಯಲ್ಲಿ ಇಕ್ಕಳ ಹಾಕಬೇಡಿ, ರಿಪೇರಿಯವರಿಗೆ ಬಿಡಿ.

ಟ್ರಿಗರ್ ಇದ್ದರೆ ಗುಂಡಿಯನ್ನು ಪಟಪಟ ಒತ್ತಿ ನೋಡಿ. ಗುಂಡಿಯನ್ನು ವಾಲ್ವ್‌ಗೆ ಜೋಡಿಸುವ ದಾರ ತುಂಡಾಗಿದ್ದರೆ ಏನಿಲ್ಲ, ಹೊಸದು ಕಟ್ಟಬಹುದು. ಲೋಹ ಲೋಹಕ್ಕೆ ಬಡಿಯುವ ಸದ್ದು ಜೋರಾಗಿದ್ದರೆ ವಾಲ್ವ್ ಅಥವಾ ಅದರ ಜೋಡಣೆ ಸವೆದಿರಬಹುದು. ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಗುಂಡಿ ಒತ್ತದೆ, ಎಫ್ ಸುರುಳಿಯ ಟ್ಯೂನಿಂಗ್ ಸ್ಲೈಡನ್ನು ಸ್ವಲ್ಪ ಹೊರಗೆಳೆಯಿರಿ. ಕೆಲವು ಕ್ಷಣ ಬಿಟ್ಟು ಗುಂಡಿ ಒತ್ತಿ. ‘ಪಟ್’ ಅಂತ ಸದ್ದು ಬಂದರೆ ವಾಲ್ವ್ ಗಾಳಿ ಹಿಡಿಯುತ್ತಿದೆ.

ಮೌತ್‌ಪೀಸ್ ಕೂರುತ್ತದಾ?

ಮಗುವಿನ ಮೌತ್‌ಪೀಸ್ ತೆಗೆದುಕೊಂಡೇ ಹೋಗಿ. ಅದರಲ್ಲಿ ವಾದ್ಯದೊಳಗೆ ಕೂರುವ ತುದಿಗೆ ಶ್ಯಾಂಕ್ ಅನ್ನುತ್ತಾರೆ. ಸಣ್ಣ ಬೋರಿನವಕ್ಕೆ ಸಣ್ಣ ಶ್ಯಾಂಕ್, 0.547ರವಕ್ಕೆ ದೊಡ್ಡದು. ಸಣ್ಣದಕ್ಕೆ ಬಾಕ್ 6½ಎಎಲ್, ದೊಡ್ಡದಕ್ಕೆ 5ಜಿ, ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ಬಳಸುವ ಅಳತೆಗಳು. ಹಳೆಯ 88ಎಚ್‌ನಲ್ಲಿ ಎಚ್ಚರ ಬೇಕು. ಅದರ ಬಾಯಿಯ ಇಳಿಜಾರು ಬೇರೆ, ಅದಕ್ಕೆ ರೆಮಿಂಗ್ಟನ್ ಶ್ಯಾಂಕ್ ಅನ್ನುತ್ತಾರೆ. ಮಾಮೂಲಿ ದೊಡ್ಡ ಶ್ಯಾಂಕ್ ಅಲ್ಲಿ ಸರಿಯಾಗಿ ಕೂರದೆ ಅಲುಗಾಡುತ್ತದೆ. ಆ ಶ್ಯಾಂಕಿನ ಮೌತ್‌ಪೀಸ್ ಬೇರೆಯಾಗಿ ತರಿಸಿಕೊಳ್ಳಬೇಕು.

ಮಗು ನುಡಿಸಲಿ

ನೀವು ಎಷ್ಟೇ ಪರೀಕ್ಷಿಸಿದರೂ ಕೊನೆಗೆ ನುಡಿಸುವುದು ಮಗುವೇ ಅಲ್ವಾ. ಮೊದಲು ನಡುವಿನ ಸ್ವರಗಳನ್ನು ಉದ್ದಕ್ಕೆ ಹಿಡಿಯಲಿ. ಫೋನಿನ ಟ್ಯೂನರ್ ಇಟ್ಟುಕೊಂಡು ಮೊದಲನೇ ಪೊಸಿಷನ್‌ನ ಬಿ-ಫ್ಲ್ಯಾಟ್ ನೋಡಿ. ಟ್ಯೂನಿಂಗ್ ಸ್ಲೈಡ್ ಒಂದೆರಡು ಸೆಂಟಿಮೀಟರ್ ಹೊರಗಿದ್ದಾಗ ಶ್ರುತಿ ಕೂಡಬೇಕು. ಪೂರ್ತಿ ಒಳಗೆ ತಳ್ಳಿದರೂ ಕೆಳಗೇ ಇದ್ದರೆ, ಪೂರ್ತಿ ಎಳೆದರೂ ಮೇಲೇ ಇದ್ದರೆ ಬೇಡ. ಮೇಲಿನ ಡಿ ಸ್ವಲ್ಪ ಕೆಳಗೆ, ಅದರ ಮೇಲಿನ ಎಫ್ ಸ್ವಲ್ಪ ಮೇಲೆ ಕೇಳಿಸಿದರೆ ಅದು ಎಲ್ಲ ಟ್ರಾಂಬೋನ್‌ಗಳ ಸ್ವಭಾವ. ಸ್ಲೈಡಿನಲ್ಲಿ ಸರಿಪಡಿಸುವುದನ್ನು ಮಗು ಆಗಲೇ ಕಲಿತಿರುತ್ತದೆ.

ಆಮೇಲೆ ತನಗೆ ಚೆನ್ನಾಗಿ ಬರುವ ಒಂದು ಹಾಡು ನುಡಿಸಲಿ, ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ. ಎಡಗೈ ಎಷ್ಟು ಹೊತ್ತಿಗೆ ಸೋಲುತ್ತದೆ ನೋಡಿ. ಟ್ರಿಗರ್ ವಾದ್ಯದ ಭಾರವೆಲ್ಲ ಎಡಗೈ ಮೇಲೆ. ಬ್ಯಾಂಡ್ ಟೀಚರ್ ಅಥವಾ ಖಾಸಗಿ ಪಾಠದವರು ಜೊತೆಗೆ ಬರುವಂತಿದ್ದರೆ ಇನ್ನೂ ಒಳ್ಳೆಯದು. ಆದರೆ ಮಗುವಿಗೆ ಆ ದನಿ ಇಷ್ಟವಾಗದಿದ್ದರೆ ಬಲವಂತ ಮಾಡಬೇಡಿ.

ದುಡ್ಡು, ಮತ್ತು ಮೊದಲ ವಾರ

ಹಳೆಯ ಸ್ಟೂಡೆಂಟ್ ಮಾಡೆಲ್‌ಗಳು ಕೆಲವೇ ನೂರು ಡಾಲರಿಗೆ ಸಿಗುತ್ತವೆ. ಒಳ್ಳೆಯ ಎಲ್ಕ್‌ಹಾರ್ಟ್ 88ಎಚ್ ಸಾವಿರ ಡಾಲರ್ ದಾಟುತ್ತದೆ. ಇರುವ ದುಡ್ಡನ್ನೆಲ್ಲ ವಾದ್ಯಕ್ಕೇ ಹಾಕಬೇಡಿ. ಕಾಲು ಭಾಗ ರಿಪೇರಿಗೆ ಎತ್ತಿಡಿ. ಆನ್‌ಲೈನಿನಲ್ಲಿ ಕೊಂಡರೆ ವಾಪಸ್ ಮಾಡುವ ಅವಕಾಶ ಇದೆಯಾ ಅಂತ ಮೊದಲೇ ಕೇಳಿ. ಬಂದ ತಕ್ಷಣ ರಿಪೇರಿ ಅಂಗಡಿಗೆ ಒಯ್ದು ಅಂದಾಜು ಕೇಳಿ. ಖರ್ಚು ಕೈಮೀರಿದರೆ ವಾಪಸ್ ಕಳಿಸಿ. ಪಾರ್ಸೆಲ್ ಮಾಡುವವರಿಗೆ ಸ್ಲೈಡ್ ಲಾಕ್ ಹಾಕಿ, ಕೇಸಿನ ಒಳಗೂ ಹೊರಗೂ ತುಂಬಿ ಕಟ್ಟಲು ಹೇಳಿ. ಒಳ್ಳೆಯ ಸ್ಲೈಡ್ ದಾರಿಯಲ್ಲೇ ಬಾಗಿ ಬಂದರೆ ಏನು ಪ್ರಯೋಜನ?

ಮನೆಗೆ ಬಂದ ಮೇಲೆ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಸ್ನೇಕ್ ಬ್ರಷ್ (ಕೊಳವೆಯೊಳಗೆ ಬಾಗಿ ಹೋಗುವ ಉದ್ದ ಬ್ರಷ್) ತೆಗೆದುಕೊಂಡು ತೊಳೆಯಿರಿ. ಬಿಸಿ ನೀರು ಬೇಡ, ಲ್ಯಾಕರ್ ಏಳುತ್ತದೆ. ಮೌತ್‌ಪೀಸ್ ಕೂರುವ ಕೊಳವೆಯಿಂದ ಶುರುಮಾಡಿ, ವರ್ಷಗಳ ಕೊಳೆ ಅಲ್ಲೇ ಕಟ್ಟಿರುತ್ತದೆ. ಒಣಗಿಸಿ, ಸ್ಟಾಕಿಂಗ್‌ಗೆ ಕ್ರೀಮ್, ಟ್ಯೂನಿಂಗ್ ಸ್ಲೈಡಿಗೆ ಗ್ರೀಸ್, ವಾಲ್ವ್ ಇದ್ದರೆ ರೋಟರ್ ಎಣ್ಣೆ ಹಾಕಿ. ಹಳೆಯ ಕೇಸ್ ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ತೊಳೆಯುತ್ತಾ ಕೂರಬೇಡಿ, ಬೂಸ್ಟು ಮಗುವಿನ ಉಸಿರಿಗೆ ಒಳ್ಳೆಯದಲ್ಲ. ಹೊಸ ಕೇಸ್ ತನ್ನಿ. ತರುವಾಗ ಸ್ಲೈಡ್ ಅಲುಗಾಡದೆ ಕೂರುವ ಹಾಗೆ ಅಳತೆ ನೋಡಿ ತನ್ನಿ. ಹಳೆಯ ವಾದ್ಯಗಳ ಉದ್ದ, ಬೆಲ್‌ನ ಅಗಲ ಎಲ್ಲ ಕೇಸಿಗೂ ಹೊಂದುವುದಿಲ್ಲ.